ಸಾವಿರ ಪ್ರತಿ, ಎರಡು ಡ್ರೈವ್

ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ. ಇದನ್ನು ನಾವು ದಾನವೆಂದೇ ಓದುತ್ತೇವೆ. ಆದರೆ ಇದು ಸಂರಕ್ಷಣೆಯ ಕ್ರಮವೂ ಹೌದು. ಓಲೆಗರಿಗೆ ಗೆದ್ದಲು, ತೇವ, ಬೆಂಕಿಯ ಭಯ. ಒಂದೂರಿನ ಪ್ರತಿ ಹಾಳಾದರೂ ಇನ್ನೊಂದೂರಿನದು ಉಳಿಯುತ್ತದೆ. ‘ಧವಲಾ’ದ ಕತೆ ಬೇರೆ. ಅದರ ಹಳೆಯ ಓಲೆಪ್ರತಿಗಳು ಶತಮಾನಗಳ ಕಾಲ ಉಳಿದದ್ದು ಮೂಡುಬಿದಿರೆಯೊಂದರಲ್ಲೇ. ಅಚ್ಚಿನ ಮೊದಲ ಸಂಪುಟ ಬಂದದ್ದು 1939ರಲ್ಲಿ. ಅದಕ್ಕೂ ಮೊದಲು ಒಂದು ಬೆಂಕಿ ಬಿದ್ದಿದ್ದರೆ?

1956ರಲ್ಲಿ ಐಬಿಎಂ ತಂದ ಡಿಸ್ಕ್ ಯಂತ್ರ 50 ತಟ್ಟೆಗಳಲ್ಲಿ 50 ಲಕ್ಷ ಅಕ್ಷರ ಹಿಡಿಯುತ್ತಿತ್ತು. ಇಂದಿನ 1 ಟಿಬಿ ಡ್ರೈವ್ ಅದರ ಎರಡು ಲಕ್ಷ ಪಟ್ಟು ಹಿಡಿದು ಜೇಬಿನಲ್ಲಿ ಕೂರುತ್ತದೆ. ಅಪಾಯ ಮಾತ್ರ ತಪ್ಪಿಲ್ಲ. ಹಾರ್ಡ್ ಡಿಸ್ಕ್ ಕೈಜಾರಿ ಬಿದ್ದರೆ ಕೆಡಬಹುದು. ಎಸ್‌ಎಸ್‌ಡಿ ಪೆಟ್ಟು ತಾಳುತ್ತದೆ, ಆದರೆ ವಿದ್ಯುತ್ತಿಲ್ಲದೆ ವರ್ಷಗಟ್ಟಲೆ ಇಟ್ಟರೆ ಮಾಹಿತಿ ಅಳಿಯಬಹುದು. ಆದ್ದರಿಂದ ಮನೆಯ ಕಂಪ್ಯೂಟರಿಗೆ ದೊಡ್ಡದೊಂದು ಡ್ರೈವ್‌ಗಿಂತ ಸಾಧಾರಣದವು ಎರಡು ಮೇಲು: ಒಂದು ಮನೆಯಲ್ಲಿ, ಇನ್ನೊಂದು ಬೇರೆ ಊರಿನಲ್ಲಿ. ವರ್ಷಕ್ಕೆ ಒಂದೆರಡು ಸಲ ಎರಡನ್ನೂ ತೆರೆದು ನೋಡಬೇಕು.

ಸಂಶೋಧನೆಗಾಗಿ ನಾನು ಚಿತ್ರ ತೆಗೆದ ಕೆಲವು ಓಲೆಕಟ್ಟುಗಳು ಈಗಲೇ ಪುಡಿಯಾಗುತ್ತಿವೆ. ಚಿತ್ರ ಕಳೆದರೆ ಮತ್ತೆ ತೆಗೆಯಲು ಓಲೆಯೇ ಇರಲಾರದು.