ಜೋಗಿಯಾ: ಮೂರು ನಿಮಿಷಗಳ ಸಂಯಮ

ಹಿಂದುಸ್ತಾನಿ ಸಂಗೀತದಲ್ಲಿ ಜೋಗಿಯಾ ಉಷಃಕಾಲದ ರಾಗ. ಇದರಲ್ಲಿ ರಿಷಭ, ಧೈವತಗಳು ಕೋಮಲ. ಆರೋಹದಲ್ಲಿ ಗಾಂಧಾರ, ನಿಷಾದಗಳು ವರ್ಜ್ಯ. ಬಿಡಬೇಕಾದುದನ್ನು ಬಿಡುವುದರಿಂದಲೇ ಈ ರಾಗಕ್ಕೆ ಅದರ ರೂಪ ಒದಗುತ್ತದೆ. ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು 1930ರ ದಶಕದಲ್ಲಿ ಈ ರಾಗದ ಠುಮರಿಯೊಂದನ್ನು ಗ್ರಾಮಫೋನ್ ತಟ್ಟೆಗೆ ಹಾಡಿದರು.

ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಆ ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದುದು ಮೂರು ನಿಮಿಷಗಳಿಗಿಂತ ತುಸು ಹೆಚ್ಚು ಮಾತ್ರ. ದೀರ್ಘಕಾಲ ರಾಗವನ್ನು ವಿಸ್ತರಿಸಬಲ್ಲ ಗಾಯಕರು ಬಹಳಷ್ಟನ್ನು ತೊರೆದು, ರಾಗದ ಸಾರವನ್ನಷ್ಟೇ ಉಳಿಸಿಕೊಂಡರು. ಆದರೂ ಆ ಗಾಯನದಲ್ಲಿ ಅವಸರದ ಸುಳಿವಿಲ್ಲ.

ಮೈಸೂರು ಆಸ್ಥಾನದ ಮನ್ನಣೆ ಪಡೆದಿದ್ದ ಖಾನರು 1937ರಲ್ಲಿ ನಿಧನರಾದರು. ಅವರ ಬೇರೊಂದು ತಟ್ಟೆಯನ್ನು ಗದಗಿನಲ್ಲಿ ಕೇಳಿದ ಬಾಲಕ ಭೀಮಸೇನ ಜೋಶಿಯವರು ಗುರುವನ್ನು ಅರಸುತ್ತ 1933ರಲ್ಲಿ ಮನೆ ಬಿಟ್ಟಿದ್ದರು. ತಟ್ಟೆಯು ಹಂಬಲವನ್ನು ಹುಟ್ಟಿಸಿತು. ವಿದ್ಯೆಯನ್ನು ಧಾರೆಯೆರೆದವರು ಖಾನರ ಶಿಷ್ಯರೇ ಆದ ಕುಂದಗೋಳದ ಸವಾಯಿ ಗಂಧರ್ವರು. ಯಂತ್ರದ ಉಪಕಾರವೂ ಮಿತಿಯೂ ಇದರಿಂದ ತಿಳಿಯುತ್ತವೆ.

ಇಂದು ಸಾಲಿಗ್ರಾಮದ ಮನೆಯಲ್ಲಿ ಕುಳಿತವರಿಗೂ ಈ ಜೋಗಿಯಾ ಅಂಗೈಯ ಫೋನಿನಲ್ಲಿ ಯಾವ ಗಳಿಗೆಯಲ್ಲಾದರೂ ಕೇಳಸಿಗುತ್ತದೆ. ಯಂತ್ರವು ಹೊತ್ತನ್ನು ಅರಿಯದು. ಹೊತ್ತನ್ನು ಪಾಲಿಸಬೇಕಾದವನು ಕೇಳುಗನೇ. ಗಾಯಕರು ನಮಗಾಗಿ ಅಷ್ಟೊಂದನ್ನು ತೊರೆದಿರುವಾಗ, ಮುಂಜಾನೆ ಮೂರು ನಿಮಿಷ ಇತರ ಕಾರ್ಯಗಳನ್ನು ಬದಿಗಿರಿಸಿ ಮನಸ್ಸಿಟ್ಟು ಆಲಿಸುವುದು ನಮ್ಮ ಪಾಲಿನ ಸಂಯಮವಲ್ಲವೇ?