ಹತ್ತು ಸಾವಿರ ಜನರ ಕಣಿವೆಯಲ್ಲಿ ಒಂದು ಅಧಿಕೃತ ಭಾಷೆ



ಒಂದು ಭಾಷೆ ಉಳಿಯಬೇಕಾದರೆ ಅದನ್ನು ಎಷ್ಟು ಜನ ಆಡಬೇಕು? ಈ ಪ್ರಶ್ನೆ ಬಂದಾಗಲೆಲ್ಲ ನಾವು ಲಕ್ಷ, ಕೋಟಿಗಳಲ್ಲಿ ಲೆಕ್ಕ ಹಾಕುತ್ತೇವೆ. ಈ ಬಾರಿ ಪರಿಚಯ ಮಾಡಿಕೊಡುತ್ತಿರುವ ಭಾಷೆಯ ನೆಲದಲ್ಲಿ ಒಟ್ಟು ಇರುವವರೇ ಸುಮಾರು ಹತ್ತು ಸಾವಿರ ಮಂದಿ. ಮುಂಬೈ, ದೆಹಲಿಯ ಒಂದೆರಡು ದೊಡ್ಡ ವಸತಿ ಸಂಕೀರ್ಣಗಳಲ್ಲಿ ಇಷ್ಟು ಜನ ಸಿಗುತ್ತಾರೆ. ಆದರೂ ಆ ಭಾಷೆಗೆ ಶಾಲೆಯಿದೆ, ಸರ್ಕಾರಿ ಕಚೇರಿಯಿದೆ, ಕಾನೂನಿನ ಬೆಂಬಲವಿದೆ. ಅದರ ಹೆಸರು ಅರನೇಸ್.

ಅರನೇಸ್ ಎಂಬುದು ಆಕ್ಸಿಟನ್ ಭಾಷೆಯ ಒಂದು ಪ್ರಾದೇಶಿಕ ರೂಪ. ಮಧ್ಯಯುಗದಲ್ಲಿ ಇಂದಿನ ಫ್ರಾನ್ಸಿನ ಉತ್ತರ ಭಾಗದ ಜನ 'ಹೌದು' ಎನ್ನಲು 'ಓಯ್ಲ್' ಎನ್ನುತ್ತಿದ್ದರು. ಅದೇ ಸವೆದು ಇಂದಿನ ಫ್ರೆಂಚಿನ 'ವೀ' ಆಯಿತು. ದಕ್ಷಿಣದವರು 'ಓಕ್' ಎನ್ನುತ್ತಿದ್ದರು. ಈ 'ಓಕ್'ನಿಂದಲೇ ಆಕ್ಸಿಟನ್ ಎಂಬ ಹೆಸರು ಬಂತು. 12ನೆಯ ಶತಮಾನದಲ್ಲಿ ಟ್ರೂಬಡೂರ್ ಎಂದು ಕರೆಸಿಕೊಂಡ ಕವಿಗಾಯಕರು ಈ ಭಾಷೆಯಲ್ಲಿ ಪ್ರೇಮಗೀತೆಗಳನ್ನು ಕಟ್ಟಿ ಹಾಡಿದರು. ಯುರೋಪಿನ ಅನೇಕ ಆಸ್ಥಾನಗಳು ಅವರಿಗೆ ಮನ್ನಣೆ ಕೊಟ್ಟವು. 1904ರಲ್ಲಿ ಇದೇ ಭಾಷೆಯ ಪ್ರೊವೆನ್ಸಾಲ್ ರೂಪದಲ್ಲಿ ಬರೆದ ಫ್ರೆಡರಿಕ್ ಮಿಸ್ಟ್ರಾಲ್ ಅವರಿಗೆ ಸಾಹಿತ್ಯದ ನೊಬೆಲ್ ಪ್ರಶಸ್ತಿಯೂ ಬಂತು. ಇಷ್ಟೆಲ್ಲ ಹಿರಿಮೆಯ ಭಾಷೆ ತನ್ನ ದೊಡ್ಡ ನೆಲವಾದ ಫ್ರಾನ್ಸಿನಲ್ಲಿ ಬಡವಾಯಿತು. ಗಡಿಯಾಚೆಗೆ, ಸ್ಪೇನಿನ ಒಂದು ಪುಟ್ಟ ಕಣಿವೆಯಲ್ಲಿ ಅಧಿಕೃತ ಪಟ್ಟ ಏರಿತು. ಇದು ಹೇಗಾಯಿತು ಎಂಬುದೇ ಈ ಲೇಖನದ ಕಥೆ.

ಫ್ರಾನ್ಸ್ ಮತ್ತು ಸ್ಪೇನ್ ದೇಶಗಳ ನಡುವೆ ಪಿರೆನೀಸ್ ಪರ್ವತ ಶ್ರೇಣಿ ಗೋಡೆಯಂತೆ ನಿಂತಿದೆ. ಅರಾನ್ ಕಣಿವೆ ಸ್ಪೇನಿಗೆ, ಅದರಲ್ಲೂ ಕೆಟಲೋನಿಯಾಕ್ಕೆ ಸೇರಿದ್ದು. ಆದರೆ ಅದು ಇರುವುದು ಶ್ರೇಣಿಯ ಉತ್ತರ ಮಗ್ಗುಲಿನಲ್ಲಿ, ಅಂದರೆ ಫ್ರಾನ್ಸಿನ ಕಡೆಗೆ ಬಾಗಿಲು ತೆರೆದುಕೊಂಡು. ಇಲ್ಲಿ ಹುಟ್ಟುವ ಗರೋನ್ ನದಿ ಫ್ರಾನ್ಸಿಗೆ ಇಳಿದು, ಟುಲೂಸ್, ಬೋರ್ಡೋ ನಗರಗಳನ್ನು ದಾಟಿ ಅಟ್ಲಾಂಟಿಕ್ ಸಾಗರ ಸೇರುತ್ತದೆ. ನದಿ ಹರಿದ ಕಡೆಗೇ ಜನರ ವ್ಯಾಪಾರ, ಕೂಲಿ, ಸಂಬಂಧಗಳೂ ಹರಿದವು. ಫ್ರಾನ್ಸಿನ ಕ್ರಾಂತಿಯ ಕಾಲದವರೆಗೆ ಕಣಿವೆಯ ಚರ್ಚುಗಳು ಕೂಡ ಗಡಿಯಾಚೆಗಿನ ಕೊಮ್ಮಿಂಜ್ ಬಿಷಪ್ಪರ ಅಧೀನದಲ್ಲಿದ್ದವು. ಹೀಗಾಗಿ ರಾಜ್ಯ ದಕ್ಷಿಣದ್ದಾದರೂ ಮಾತು ಉತ್ತರದ್ದೇ ಆಯಿತು. ಅರನೇಸ್, ಆಕ್ಸಿಟನ್ನಿನ ಗ್ಯಾಸ್ಕನ್ ಕವಲಿಗೆ ಸೇರಿದೆ. 'ಅರಾನ್' ಎಂಬುದು ಬಾಸ್ಕ್ ಮೂಲದ ಪದ ಎನ್ನುತ್ತಾರೆ. ಬಾಸ್ಕ್ ಭಾಷೆಯಲ್ಲಿ 'ಹರಾನ್' ಎಂದರೆ ಕಣಿವೆ. ಅಂದರೆ 'ಅರಾನ್ ಕಣಿವೆ' ಎಂದಾಗ ನಾವು 'ಕಣಿವೆ ಕಣಿವೆ' ಎಂದಂತಾಯಿತು!

ಗ್ಯಾಸ್ಕನ್ನಿನ ಒಂದು ಲಕ್ಷಣ ಕನ್ನಡಿಗರಿಗೆ ಥಟ್ಟನೆ ಹಿಡಿಸುತ್ತದೆ. ಲ್ಯಾಟಿನ್ನಿನಲ್ಲಿ ಪದದ ಮೊದಲಿಗೆ 'ಫ' ಇದ್ದಲ್ಲಿ ಗ್ಯಾಸ್ಕನ್ನಿನಲ್ಲಿ 'ಹ' ಬಂದಿದೆ. ಮಗ ಎಂಬರ್ಥದ 'ಫಿಲಿಯುಸ್' ಇಲ್ಲಿ 'ಹಿಲ್ಯ್' ಆಯಿತು. ಹಿಟ್ಟು ಎಂಬರ್ಥದ 'ಫರೀನಾ' 'ಹರೀಯಾ' ಆಯಿತು. ನಮ್ಮಲ್ಲಿ ಹಳಗನ್ನಡದ 'ಪಾಲ್' ಹಾಲಾಗಿ, 'ಪುಲಿ' ಹುಲಿಯಾಗಿ, 'ಪಗಲ್' ಹಗಲಾದಂತೆಯೇ ಇದು. ಚೆನ್ನೈ, ಹೈದರಾಬಾದಿನ ಕೇಳುಗರು ನೆರೆಹೊರೆಯ ತಮಿಳು, ತೆಲುಗಿನಲ್ಲಿ ಆ ಹಳೆಯ 'ಪ'ಕಾರವನ್ನು ಇಂದಿಗೂ ದಿನವೂ ಕೇಳುತ್ತಾರೆ. ಇನ್ನೂ ಒಂದು ಹೋಲಿಕೆ ಉಂಟು. ಅರಾನಿನ ಬಹುತೇಕ ಊರುಗಳಲ್ಲಿ ಈಗ ಆ 'ಹ' ಬರಹದಲ್ಲಿ ಮಾತ್ರ ಇದೆ, ಬಾಯಲ್ಲಿ ಬಿದ್ದುಹೋಗಿದೆ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಹಾಲು 'ಆಲು' ಆದಂತೆ! ಈ ಎರಡು ಭಾಷೆಗಳಿಗೆ ನೆಂಟಸ್ತಿಕೆಯೇನೂ ಇಲ್ಲ. ಮನುಷ್ಯರ ನಾಲಿಗೆ ಎಲ್ಲಿದ್ದರೂ ಒಂದೇ ಬಗೆಯ ದಾರಿ ಹಿಡಿಯಬಲ್ಲದು ಎಂಬುದಕ್ಕೆ ಇದೊಂದು ಸಾಕ್ಷಿ, ಅಷ್ಟೇ.

ಇನ್ನು ಇತಿಹಾಸ. 12ನೆಯ ಶತಮಾನದಲ್ಲೇ ಕಣಿವೆಯ ಜನ ಅರಗಾನ್ ರಾಜರ ಆಶ್ರಯ ಪಡೆದಿದ್ದರು. 1283ರಲ್ಲಿ ಫ್ರೆಂಚರು ಕಣಿವೆಯನ್ನು ಹಿಡಿದರು. ಮೂವತ್ತು ವರ್ಷಗಳ ವ್ಯಾಜ್ಯದ ನಂತರ, 1313ರಲ್ಲಿ, ಅದು ಮತ್ತೆ ಅರಗಾನಿನ ಕೈಗೆ ಬಂತು. ಆ ವರ್ಷ ರಾಜ ಎರಡನೆಯ ಜೌಮೆ 'ಕೆರಿಮೋನಿಯಾ' ಎಂಬ ಹಕ್ಕುಪತ್ರ ಕೊಟ್ಟ. ಹುಲ್ಲುಗಾವಲು, ಕಾಡು, ನೀರಿನ ಮೇಲೆ ಊರವರಿಗೇ ಹಕ್ಕು. ಕಣಿವೆಯ ರೂಢಿಗತ ನ್ಯಾಯಕ್ಕೆ ಮನ್ನಣೆ. ದೂರದ ಗಡಿಯ ಜನರನ್ನು ತನ್ನ ಕಡೆ ಉಳಿಸಿಕೊಳ್ಳಲು ರಾಜನಿಗೆ ಇದು ಬೇಕಿತ್ತು. ಈ ಹಕ್ಕುಗಳ ಮೇಲೆ ಕಣಿವೆಯ ಮಹಾಸಭೆ ಶತಮಾನಗಳ ಕಾಲ ತನ್ನ ಆಡಳಿತವನ್ನು ತಾನೇ ನಡೆಸಿತು. 1834ರಲ್ಲಿ, ಸ್ಪೇನಿನ ಕೇಂದ್ರ ಸರ್ಕಾರ ದೇಶವನ್ನೆಲ್ಲ ಒಂದೇ ಮಾದರಿಯ ಪ್ರಾಂತ್ಯಗಳಾಗಿ ವಿಂಗಡಿಸಿದ ಸಂದರ್ಭದಲ್ಲಿ, ಆ ಸಭೆ ರದ್ದಾಯಿತು.

ಸಭೆ ಹೋದರೂ ಮಾತು ಹೋಗಲಿಲ್ಲ. ಕಾರಣ ಹಿಮ! ಚಳಿಗಾಲದಲ್ಲಿ ಸ್ಪೇನಿನ ಕಡೆಯ ಘಟ್ಟಗಳು ಹಿಮದಿಂದ ಮುಚ್ಚಿಹೋಗುತ್ತಿದ್ದವು. ಅಧಿಕಾರಿಗಳೂ ಅವರ ಭಾಷೆಯೂ ಒಳಬರುವುದು ಸುಲಭವಿರಲಿಲ್ಲ. ಐದು ಕಿಲೋಮೀಟರಿಗೂ ಉದ್ದದ ವಿಯೆಲ್ಯಾ ಸುರಂಗದ ಕೆಲಸ 1926ರಲ್ಲಿ ಶುರುವಾಗಿ, ಅಂತರ್ಯುದ್ಧದಿಂದಾಗಿ ನಿಂತು ಕುಂಟಿ, 1948ರಲ್ಲಿ ಸಂಚಾರಕ್ಕೆ ತೆರೆಯಿತು. ಆಗ ಮೊದಲ ಬಾರಿಗೆ ಕಣಿವೆಗೆ ದಕ್ಷಿಣದ ಕಡೆ ವರ್ಷವಿಡೀ ಹೋಗಿಬರುವ ದಾರಿಯಾಯಿತು. ಕಾಯಿಲೆ ಬಿದ್ದವರಿಗೆ, ಓದುವ ಮಕ್ಕಳಿಗೆ ಅದು ವರ. ಆದರೆ ಅದೇ ದಾರಿಯಲ್ಲಿ ಸ್ಪ್ಯಾನಿಷ್ ಭಾಷೆಯೂ ಬಂತು. ಅದು ಫ್ರಾಂಕೋನ ಸರ್ವಾಧಿಕಾರದ ಕಾಲ. ಶಾಲೆ, ಕಚೇರಿಗಳಲ್ಲಿ ಸ್ಪ್ಯಾನಿಷ್ ಒಂದೇ ನಡೆಯುತ್ತಿತ್ತು. ಅರನೇಸ್ ಮನೆ, ಕೊಟ್ಟಿಗೆಗಳ ಮಾತಾಗಿ ಉಳಿಯಿತು.

ಗಡಿಯಾಚೆ ಫ್ರಾನ್ಸಿನಲ್ಲಿ ಪೆಟ್ಟು ಇನ್ನೂ ಹಳೆಯದು. 1539ರ ರಾಜಾಜ್ಞೆ ನ್ಯಾಯಾಲಯದ ಬರಹಕ್ಕೆ ಫ್ರೆಂಚನ್ನು ಕಡ್ಡಾಯ ಮಾಡಿತು. 1794ರಲ್ಲಿ ಕ್ರಾಂತಿಕಾರಿ ಸಭೆಯ ಮುಂದೆ ಅಬ್ಬೆ ಗ್ರೆಗೋರ್ ಒಂದು ವರದಿ ಇಟ್ಟರು. ಪ್ರಾದೇಶಿಕ ನುಡಿಗಳನ್ನು ನಿರ್ಮೂಲ ಮಾಡಬೇಕೆಂಬುದೇ ಅದರ ತಿರುಳು. ಮುಂದೆ ಶಾಲೆಯಲ್ಲಿ ಮನೆಮಾತು ಆಡಿದ ಮಗುವಿನ ಕೈಗೆ ಅವಮಾನದ ಗುರುತಾಗಿ ಒಂದು ವಸ್ತು ಕೊಡುವ ಪದ್ಧತಿ ಬಂತು. ಮತ್ತೊಬ್ಬ ಹುಡುಗ ಆ ಮಾತು ಆಡಿ ಸಿಕ್ಕಿಬೀಳುವವರೆಗೆ ಅದನ್ನು ಹೊತ್ತಿರಬೇಕು. ಈ ಇಡೀ ಅನುಭವಕ್ಕೆ ಆಕ್ಸಿಟನ್ನರು ಇಟ್ಟ ಹೆಸರು 'ವೆರ್ಗೊಂಯಾ', ಎಂದರೆ ನಾಚಿಕೆ. ನಾಚಿಕೊಂಡ ತಂದೆತಾಯಿ ಮಕ್ಕಳೊಡನೆ ಫ್ರೆಂಚ್ ಆಡತೊಡಗಿದರು. 1979ರಲ್ಲಿ ಪೋ ಎಂಬ ಊರಿನಿಂದ ಶುರುವಾದ 'ಕಲಂದ್ರೇತಾ' ಶಾಲೆಗಳು ಆಕ್ಸಿಟನ್ ಮಾಧ್ಯಮದಲ್ಲಿ ಕಲಿಸುತ್ತಿವೆ. ಆದರೆ 2021ರಲ್ಲಿ ಫ್ರಾನ್ಸಿನ ಸಂವಿಧಾನ ಮಂಡಳಿ, ಪ್ರಾದೇಶಿಕ ಭಾಷೆಯ ಪೂರ್ಣ ಮಾಧ್ಯಮ ಶಿಕ್ಷಣಕ್ಕೆ ಅವಕಾಶ ಕೊಟ್ಟ ಕಾನೂನಿನ ಅಂಶವನ್ನು ತಳ್ಳಿಹಾಕಿತು.

ಅರಾನಿನಲ್ಲಿ ಗಾಳಿ ಬೇರೆ ಕಡೆ ಬೀಸಿತು. 1975ರಲ್ಲಿ ಫ್ರಾಂಕೋ ತೀರಿಕೊಂಡ. 1979ರಲ್ಲಿ ಕೆಟಲೋನಿಯಾಕ್ಕೆ ಸ್ವಾಯತ್ತತೆ ಸಿಕ್ಕಿತು. ತಮ್ಮ ಭಾಷೆಯೇ ದಮನಕ್ಕೆ ಒಳಗಾದ ನೋವು ಕೆಟಲಾನರಿಗೆ ಗೊತ್ತಿತ್ತು. ತಮ್ಮೊಳಗಿನ ಚಿಕ್ಕ ಭಾಷೆಗೂ ರಕ್ಷಣೆ ಕೊಡಬೇಕೆಂದು ಆ ಶಾಸನದಲ್ಲೇ ಬರೆದರು. 1984ರಿಂದ ಕಣಿವೆಯ ಶಾಲೆಗಳಲ್ಲಿ ಅರನೇಸ್ ಪಾಠ ಆರಂಭವಾಯಿತು. 1990ರ ಕಾನೂನಿನ ಪ್ರಕಾರ, 157 ವರ್ಷಗಳ ಬಳಿಕ, 1991ರಲ್ಲಿ ಕಣಿವೆಯ ಮಹಾಸಭೆ ಮತ್ತೆ ಸೇರಿತು. 2006ರ ಹೊಸ ಶಾಸನ ಆಕ್ಸಿಟನ್ನನ್ನು ಇಡೀ ಕೆಟಲೋನಿಯಾದ ಅಧಿಕೃತ ಭಾಷೆಗಳಲ್ಲಿ ಒಂದೆಂದು ಸಾರಿತು. 2010ರಲ್ಲಿ ಅದಕ್ಕೆಂದೇ ಪ್ರತ್ಯೇಕ ಕಾನೂನು ಬಂತು. ಅರಾನಿನಲ್ಲಿ ಅರನೇಸಿಗೆ ಮೊದಲ ಆದ್ಯತೆ ಎಂದಿದ್ದ ಅದರ ಅಂಶವನ್ನು ಸ್ಪೇನಿನ ಸಂವಿಧಾನ ನ್ಯಾಯಾಲಯ 2018ರಲ್ಲಿ ರದ್ದು ಮಾಡಿತು. ಅಧಿಕೃತ ಸ್ಥಾನ ಮಾತ್ರ ಉಳಿದಿದೆ.

ಹಾಗಾದರೆ ಭಾಷೆ ಗೆದ್ದಿತೇ? ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. 2001ರ ಜನಗಣತಿಯಲ್ಲಿ ಕಣಿವೆಯ ನೂರಕ್ಕೆ ಸುಮಾರು 89 ಜನ ಅರನೇಸ್ ಅರ್ಥವಾಗುತ್ತದೆ ಎಂದರು. ಮಾತಾಡಬಲ್ಲೆವು ಎಂದವರು ಸುಮಾರು 62, ಬರೆಯಬಲ್ಲವರು ಸುಮಾರು 27. ಶಾಲೆಯಲ್ಲಿ ಕಲಿತ ಮಕ್ಕಳು ಅಜ್ಜ ಅಜ್ಜಿಯರಿಗೆ ಬಾರದಿದ್ದ ಬರವಣಿಗೆಯನ್ನು ಕಲಿತರು. ಆದರೆ ನಂತರದ ಸಮೀಕ್ಷೆಗಳಲ್ಲಿ, ಹುಟ್ಟಿನಿಂದ ಅರನೇಸ್ ಆಡಿದವರು ಐದರಲ್ಲಿ ಒಬ್ಬರಷ್ಟೇ. 1964ರಲ್ಲಿ ಆರಂಭವಾದ ಬಕೇರಾ ಸ್ಕೀಯಿಂಗ್ ಕೇಂದ್ರ ಕಣಿವೆಗೆ ಹಣ ತಂದಿತು. ಹೋಟೆಲು, ಅಂಗಡಿ, ಕಟ್ಟಡ ಕೆಲಸಗಳಿಗೆ ಸ್ಪೇನಿನ ಇತರ ಭಾಗಗಳಿಂದ, ಲ್ಯಾಟಿನ್ ಅಮೆರಿಕದಿಂದ, ರೊಮೇನಿಯಾದಿಂದ ಜನ ಬಂದರು. ಎಲ್ಲರಿಗೂ ಸಲೀಸಾಗುವುದು ಸ್ಪ್ಯಾನಿಷ್. ತರಗತಿಯಲ್ಲಿ ಅರನೇಸ್ ಓದಿದ ಮಗು ಆಟದ ಬಯಲಿಗೆ ಬಂದಾಗ ಸ್ಪ್ಯಾನಿಷಿಗೆ ಹೊರಳುತ್ತದೆ. ಯುನೆಸ್ಕೋ ತನ್ನ ಭಾಷಾ ಭೂಪಟದಲ್ಲಿ ಗ್ಯಾಸ್ಕನ್ನನ್ನು ಖಚಿತವಾಗಿ ಅಪಾಯದಲ್ಲಿರುವ ನುಡಿಗಳ ಸಾಲಿನಲ್ಲಿ ಇಟ್ಟಿದೆ.

ಕಾನೂನು ಅರನೇಸಿನ ನಾಚಿಕೆಯನ್ನು ಕಳೆಯಿತು, ಅಕ್ಷರ ಕೊಟ್ಟಿತು, ಕೆಲಸವನ್ನೂ ಕೊಟ್ಟಿತು. ಇವು ಸಣ್ಣ ಮಾತಲ್ಲ. ಗಡಿಯಾಚೆಗಿನ ಗ್ಯಾಸ್ಕನ್ನಿಗೆ ಇವ್ಯಾವುವೂ ಸಿಗಲಿಲ್ಲ. ಆದರೆ ಊಟಕ್ಕೆ ಕೂತಾಗ ಯಾವ ಮಾತು ಆಡಬೇಕೆಂದು ಯಾವ ಕಾನೂನೂ ಹೇಳಲಾರದು. ಅರಾನಿನ ತಂದೆತಾಯಿ ಎದುರಿಸುತ್ತಿರುವ ಈ ಪ್ರಶ್ನೆ ಪುಣೆ, ದೆಹಲಿಯ ನಮ್ಮ ಮನೆಗಳಿಗೂ ಹೊಸದಲ್ಲ. ಅಲ್ಲಿ ಹೊರಗಿನವರು ಕಣಿವೆಗೆ ಬಂದಿದ್ದಾರೆ. ಇಲ್ಲಿ ನಾವೇ ಹೊರಗೆ ಬಂದಿದ್ದೇವೆ. ಅಲ್ಲಿ ಶಾಲೆಯಾದರೂ ಜೊತೆಗಿದೆ; ನಮ್ಮಲ್ಲಿ ಬಹುಮಂದಿಗೆ ಮನೆಯೊಂದೇ ಶಾಲೆ. ಕನ್ನಡ ಅರ್ಥವಾಗುತ್ತದೆ, ಆದರೆ ಉತ್ತರ ಹಿಂದಿಯಲ್ಲೋ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಬರುತ್ತದೆ ಎನ್ನುವ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ, ಇಂದು ರಾತ್ರಿ ಊಟದ ಹೊತ್ತಿಗೆ ಅವರಿಗೆ ಈ 'ಪ'ಕಾರ 'ಹ'ಕಾರವಾದ ಕಥೆ ಹೇಳಿ ನೋಡಿ. ಕನ್ನಡದಲ್ಲೇ ಹೇಳಿ. ಅವರು ಕನ್ನಡದಲ್ಲೇ ಏನಾದರೂ ಕೇಳುವವರೆಗೆ ಸ್ವಲ್ಪ ಕಾಯಿರಿ.