ಚಿನಿವಾರನ ಮುದ್ರೆ

ಚಿನ್ನ ಬೆಳ್ಳಿಗಳ ಧಾರಣೆಯನ್ನು ಅಚ್ಚುಮಾಡುವ ಮೂಲೆಗೆ ನಮ್ಮ ಪತ್ರಿಕೆಗಳು ‘ಚಿನಿವಾರ ಪೇಟೆ’ ಎಂದು ತಲೆಬರಹ ಕೊಡುವುದನ್ನು ತಾವೆಲ್ಲ ಕಂಡಿದ್ದೀರಿ. ಪೇಟೆ ಉಳಿದಿದೆ, ಚಿನಿವಾರನೆಂದರೆ ಯಾರೆಂಬುದನ್ನು ಮಾತ್ರ ನಾವು ಮರೆತಿದ್ದೇವೆ. ನೋಟಗಾರನೆಂದೂ ಶರಾಫನೆಂದೂ ಅವನನ್ನು ಕರೆಯುತ್ತಿದ್ದರು. ನಾಣ್ಯವನ್ನು ಕಲ್ಲಿನ ಮೇಲೆ ಚಿಮ್ಮಿ ದನಿ ಕೇಳುವುದು, ತ್ರಾಸಿನಲ್ಲಿಟ್ಟು ತೂಗುವುದು, ಒರೆಗಲ್ಲಿಗೆ ತೀಡಿ ಬಣ್ಣ ನೋಡುವುದು, ಸಂಶಯ ಬಂದರೆ ಉಳಿಯಿಂದ ಕಚ್ಚುಮಾಡಿ ಒಳಗೆ ತಾಮ್ರವಿದೆಯೇ ಎಂದು ಪರೀಕ್ಷಿಸುವುದು ಅವನ ಕಸುಬು. ಪರೀಕ್ಷೆಯಲ್ಲಿ ಗೆದ್ದ ರೂಪಾಯಿಯ ಮೇಲೆ ಹೂವೋ ಚುಕ್ಕೆಯೋ ನಕ್ಷತ್ರವೋ ಆದ ತನ್ನದೊಂದು ಚಿಕ್ಕ ಅಚ್ಚನ್ನು ಒತ್ತುತ್ತಿದ್ದ. ಅದೇ ನಾಣ್ಯ ತಿರುಗಿ ತಿರುಗಿ ಮತ್ತೆ ಅವನ ಅಂಗಡಿಗೆ ಬಂದಾಗ ಇನ್ನೊಮ್ಮೆ ಪರೀಕ್ಷಿಸುವ ಶ್ರಮ ತಪ್ಪುತ್ತಿತ್ತು. ಇದು ಹೊಸ ಪದ್ಧತಿಯೂ ಅಲ್ಲ. ಎರಡು ಸಾವಿರ ವರ್ಷಗಳಿಗೂ ಹಿಂದಿನ ಬೆಳ್ಳಿಯ ಕಾರ್ಷಾಪಣಗಳ ಮೇಲೂ ಮೂಲ ಮುದ್ರೆಗಳ ನಡುವೆ ಇಂಥ ಸಣ್ಣ ಗುರುತುಗಳನ್ನು ನಾಣ್ಯಶಾಸ್ತ್ರಜ್ಞರು ಕಂಡಿದ್ದಾರೆ.

ಕೋಲಾರವೆಂದೊಡನೆ ನಮಗೆ ನೆನಪಾಗುವುದು ಚಿನ್ನ. 2001ರಲ್ಲಿ ಗಣಿಯೇ ಮುಚ್ಚಿಹೋದರೂ ಆ ಹೆಸರು ಅಳಿಯಲಿಲ್ಲ. ಆದರೆ ಹದಿನೆಂಟನೆಯ ಶತಮಾನ ಮುಗಿದು ಹತ್ತೊಂಬತ್ತನೆಯದು ತೊಡಗುವ ಹೊತ್ತಿಗೆ ಈ ಸೀಮೆಗೆ ಬಂದ ಬೆಳ್ಳಿಯ ಕಥೆ ಬೇರೆ. ಮೂಡಲಬಾಗಿಲೇ ಮುಳಬಾಗಿಲಾಯಿತೆಂದು ಹೇಳುತ್ತಾರೆ. ಆ ಬಾಗಿಲಿನಾಚೆ, ಘಟ್ಟದ ಕೆಳಗೆ, ಆರ್ಕಾಟು ರೂಪಾಯಿಯ ನಾಡು. ಅದನ್ನು ನವಾಬರು ಹೊಡೆಯಿಸಿದರು. ಪುದುಚೇರಿಯ ಫ್ರೆಂಚರು ಅರ್ಧಚಂದ್ರನ ಗುರುತಿಟ್ಟು ಹೊಡೆಯಿಸಿದರು. ಮದರಾಸಿನ ಇಂಗ್ಲಿಷ್ ಕಂಪನಿ ತಾವರೆಯ ಗುರುತಿಟ್ಟು ಹೊಡೆಯಿಸಿತು. ಕಂಪನಿಯಂತೂ ಹಿಜರಿ 1172ನೆಯ ವರ್ಷವನ್ನೇ ದಶಕಗಳ ಕಾಲ ಬದಲಿಸದೆ ಅಚ್ಚುಮಾಡಿತು! ಈ ಕಡೆ ಮೈಸೂರಿನಿಂದ ಟಿಪ್ಪುವಿನ ಇಮಾಮಿ ರೂಪಾಯಿ, ಅದರ ಇಮ್ಮಡಿಯಾದ ಹೈದರಿ. 1799ರ ಅನಂತರ ಮುಮ್ಮಡಿ ಕೃಷ್ಣರಾಜರ ರೂಪಾಯಿ, ಅದರ ಮೇಲೆ ದೆಹಲಿಯ ಷಾ ಆಲಮನ ಹೆಸರು. ಲೆಕ್ಕವಾದರೋ ಕಂಠೀರಾಯಿ ವರಹದಲ್ಲಿ. ಆ ವರಹ ಹತ್ತು ಹಣಗಳ ಎಣಿಕೆಯೇ ಹೊರತು ಕೈಯಲ್ಲಿ ಹಿಡಿಯುವ ನಾಣ್ಯವಲ್ಲ. ಪಾಪನಪಲ್ಲಿಗೆ ಶ್ರೀನಿವಾಸಪುರವೆಂದು ಹೆಸರಿಟ್ಟವರೆಂದು ಪ್ರಸಿದ್ಧರಾದ ದಿವಾನ್ ಪೂರ್ಣಯ್ಯನವರ ಕಾಲದ ಹಣದ ಗೊಂದಲವಿದು. 1800ರಲ್ಲಿ ಈ ನಾಡಿನಲ್ಲಿ ಸಂಚರಿಸಿದ ಬುಕಾನನ್ ತನ್ನ ಗ್ರಂಥದಲ್ಲಿ ನಾಣ್ಯಗಳ ವಿನಿಮಯ ದರಗಳನ್ನು ಬರೆದಿಡುವ ಶ್ರಮ ವಹಿಸಿದ್ದು ಸುಮ್ಮನೆ ಅಲ್ಲ.

ಇಷ್ಟು ಬಗೆಯ ಬೆಳ್ಳಿಯ ನಡುವೆ ಚಿನಿವಾರನಿಲ್ಲದೆ ವ್ಯಾಪಾರವೇ ಸಾಗದು. ಅವನ ಮುದ್ರೆ ಒಂದು ಮಾತು ಕೊಟ್ಟಂತೆ. ಹಾಗೆಂದು ಅವನನ್ನು ಧರ್ಮರಾಯನೆಂದು ಹೊಗಳುವುದು ಬೇಡ. ಸವೆದದ್ದಕ್ಕೆ, ಪರನಾಡಿನದಕ್ಕೆ ಅವನು ‘ವಟ್ಟ’ ಹಿಡಿಯುತ್ತಿದ್ದ. ಮಾಲೂರಿನ ಸಂತೆಯಲ್ಲಿ ರಾಗಿ ಮಾರಿ ಕಂದಾಯ ಕಟ್ಟಬೇಕಾದ ರೈತನಿಗೆ ವಟ್ಟವೆಷ್ಟು ಸರಿ, ಎಷ್ಟು ಅನ್ಯಾಯ ಎಂದು ತಿಳಿಯುವ ಬಗೆ ಯಾವುದು? ತಮಿಳಿನಲ್ಲಿ ನಾಣಯವೆಂದರೆ ಪ್ರಾಮಾಣಿಕತೆ, ತೆಲುಗಿನಲ್ಲಿ ನಾಣ್ಯವೆಂದರೆ ಗುಣಮಟ್ಟ. ಎರಡೂ ನುಡಿಗಳು ಕನ್ನಡದೊಡನೆ ಕೂಡಿ ಬಾಳುವ ಕೋಲಾರದ ಸಂತೆಗಳಲ್ಲಿ ಒಂದು ಸಿಕ್ಕಿದ ಕಡೆ ಇನ್ನೊಂದು ಸಿಕ್ಕಿರಲೇಬೇಕೆಂದಿಲ್ಲ.

1835ರಲ್ಲಿ ಕಂಪನಿ ಸರಕಾರ ತನ್ನ ಪ್ರಾಂತಗಳಿಗೆಲ್ಲ ಒಂದೇ ರೂಪಾಯಿಯನ್ನು ತಂದಿತು. ತೂಕ 180 ಗ್ರೇನು, ಎಂದರೆ ಒಂದು ತೊಲ. ಹನ್ನೆರಡರಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿ. ನೂರಕ್ಕೆ ಎರಡಕ್ಕಿಂತ ಹೆಚ್ಚು ತೂಕ ಕಳೆದುಕೊಂಡಿರಬಾರದು; ಬಳಕೆಯ ಸವೆತವನ್ನುಳಿದು ಬೇರೆ ರೀತಿಯಲ್ಲಿ ವಿರೂಪವಾಗಿರಬಾರದು; ಆಗ ಮಾತ್ರ ಅದು ಶಾಸನಬದ್ಧ ನಾಣ್ಯ. ಅಂದಿನವರೆಗೆ ನಂಬಿಕೆಯ ಗುರುತಾಗಿದ್ದ ಮುದ್ರೆ ಕಾನೂನಿನ ಕಣ್ಣಿಗೆ ಗಾಯವಾಯಿತು. 1833ರಲ್ಲಿ ಮೈಸೂರಿನಿಂದ ಬೆಂಗಳೂರಿಗೆ ಬಂದಿದ್ದ ನಮ್ಮ ಟಂಕಸಾಲೆ 1843ರಲ್ಲಿ ಮುಚ್ಚಿತು.

ಇಷ್ಟನ್ನು ಹೇಳಲು ಕಾರಣವಿದೆ. ಇಂದು ಹಳೆಯ ನಾಣ್ಯಗಳಿಗೆ ದರ್ಜೆ ಕೊಡುವುದೇ ಒಂದು ವೃತ್ತಿ. ಅಮೆರಿಕದ ಷೆಲ್ಡನ್ 1949ರಲ್ಲಿ ತಮ್ಮ ದೇಶದ ತಾಮ್ರದ ಸೆಂಟುಗಳಿಗಾಗಿ ಒಂದರಿಂದ ಎಪ್ಪತ್ತರ ಅಂಕಮಾನವನ್ನು ರಚಿಸಿದರು. 1986 ಮತ್ತು 1987ರಲ್ಲಿ ಅಲ್ಲಿ ಹುಟ್ಟಿದ ಪಿಸಿಜಿಎಸ್, ಎನ್‌ಜಿಸಿ ಎಂಬ ಸಂಸ್ಥೆಗಳು ಆ ಅಂಕವನ್ನು ನಮೂದಿಸಿ ನಾಣ್ಯವನ್ನು ಪ್ಲಾಸ್ಟಿಕ್ ಕರಡಿಗೆಯಲ್ಲಿ ಮುಚ್ಚಿಕೊಡುತ್ತವೆ. ಚೀನದ ವ್ಯಾಪಾರಕ್ಕೆಂದು 1873ರಿಂದ ಅಮೆರಿಕ ಹೊಡೆಯಿಸಿದ ಟ್ರೇಡ್ ಡಾಲರಿನ ಮೇಲೆ, 1895ರಿಂದ ನಮ್ಮ ಮುಂಬಯಿಯ ಟಂಕಸಾಲೆಯಲ್ಲೇ ತಯಾರಾದ ಬ್ರಿಟಿಷ್ ಟ್ರೇಡ್ ಡಾಲರಿನ ಮೇಲೆ ಚೀನದ ವರ್ತಕರು ತಮ್ಮ ಅಕ್ಷರಗಳನ್ನು ಒತ್ತಿದ್ದರು. ಅದನ್ನು ಹಾನಿಯೆಂದೇ ಬಹುಕಾಲ ಎಣಿಸಿದ ದರ್ಜೆಗಾರರು, ಈಗ ಅಮೆರಿಕದ ಟ್ರೇಡ್ ಡಾಲರಿನ ವಿಷಯದಲ್ಲಿ ಮುದ್ರೆಯನ್ನು ಹೆಸರಿಸಿ ಅಂಕ ಕೊಡುವುದೂ ಉಂಟು. ಅದು ಸರಿಯಾದ ದಾರಿಯೆಂದೇ ನನ್ನ ಎಣಿಕೆ. ಓಲೆಗರಿಯ ಅಂಚಿನಲ್ಲಿ ಓದುಗನೊಬ್ಬ ಗೀರಿದ ಟಿಪ್ಪಣಿಯನ್ನು ಗ್ರಂಥಸಂಪಾದಕರು ಕೊಳೆಯೆಂದು ತೊಡೆಯುವುದಿಲ್ಲ. ಆ ಪ್ರತಿ ಯಾರ ಕೈಯಲ್ಲಿತ್ತು, ಹೇಗೆ ಓದಿಸಿಕೊಂಡಿತು ಎಂಬುದಕ್ಕೆ ಅದೇ ಸಾಕ್ಷಿ. ಟಂಕಸಾಲೆಯಿಂದ ನೇರವಾಗಿ ಹುಂಡಿಗೆ ಹೋಗಿ ಮಿರಮಿರ ಮಿಂಚುವ ರೂಪಾಯಿ ದೊರೆಯ ಹೆಸರನ್ನಷ್ಟೇ ಹೇಳಬಲ್ಲುದು. ಏಳೆಂಟು ಅಚ್ಚು ತಿಂದ ರೂಪಾಯಿ ಪೇಟೆಯ ಮಾತನ್ನೂ ಹೇಳುತ್ತದೆ.

ಆದರೆ ನಮ್ಮಲ್ಲಿ ಅದಕ್ಕೆ ಬೇರೆಯೇ ಗತಿ. ವರಮಹಾಲಕ್ಷ್ಮಿಯ ಪೂಜೆಗೆಂದು ಮನೆಗಳಲ್ಲಿ ಇಟ್ಟುಕೊಂಡ ಹಳೆಯ ರೂಪಾಯಿಗಳನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತೇವೆ. ಭಕ್ತಿಗೆ ಅದು ಹೊಳಪು, ದರ್ಜೆಗಾರನಿಗೆ ದೋಷ. ಅಡಚಣೆ ಬಂದಾಗ ಮುದ್ರೆ ಬಿದ್ದ ರೂಪಾಯಿಯನ್ನೇ ಮೊದಲು ಮಾರುತ್ತೇವೆ. ಅದು ಅಂದಿನ ಧಾರಣೆಗೆ ತೂಗಿಸಿಕೊಂಡು ಮೂಸೆ ಸೇರುತ್ತದೆ. ಹೊಲದಲ್ಲಿ ಸಿಕ್ಕ ನಿಧಿಯನ್ನು 1878ರ ಕಾನೂನಿನಂತೆ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು. ಮನೆಯ ಪೆಟ್ಟಿಗೆಯಲ್ಲಿರುವ ಒಂದೆರಡು ರೂಪಾಯಿಗೆ ಆ ಕಾವಲೂ ಇಲ್ಲ. ಮಾರಲೇಬೇಕಾದವರು ಮಾರಲಿ. ಅದಕ್ಕೆ ಮುಂಚೆ ತೆಳುವಾದ ಕಾಗದವನ್ನು ಎರಡೂ ಮುಖಗಳ ಮೇಲಿಟ್ಟು ಸೀಸದಕಡ್ಡಿಯಿಂದ ಮೆಲ್ಲಗೆ ಉಜ್ಜಿ ಅಚ್ಚು ತೆಗೆದುಕೊಳ್ಳಿ. ಆ ನಾಣ್ಯ ಯಾವ ಊರಿನಿಂದ, ಯಾರ ಕಾಲದಲ್ಲಿ ಮನೆಗೆ ಬಂತೆಂದು ಹಿರಿಯರನ್ನು ಕೇಳಿ ಅದರ ಕೆಳಗೆ ಬರೆದಿಡಿ.